ಬ್ಯಾಂಕಾಕ್, ಸಿಂಗಾಪುರ ಪ್ರವಾಸ: ಅತ್ತೆಯವರ ಪ್ರಶ್ನೆ «ಎಣ್ಣೆ ಯಾವುದು?»

ದಾವಣಗೆರೆ ಸೊಸೆ

ಎಲ್ಲರಿಗೂ ಸಲಾಂ, ನಮಸ್ಕಾರ. ಡಿಸೆಂಬರ್ ರಜೆಗೆ ನಾಲ್ಕು ಜನ ಹೊರಟೀವಿ. ನಾನು, ನಮ್ಮ ಮನೆಯವರು, ಒಂಬತ್ತು ವರ್ಷದ ಮಗ, 66 ವರ್ಷದ ಅತ್ತೆ. ಬ್ಯಾಂಕಾಕ್‌ನಲ್ಲಿ ನಾಲ್ಕು ರಾತ್ರಿ, ಅಲ್ಲಿಂದ ಸಿಂಗಾಪುರ, ಅಲ್ಲಿ ಮೂರು ರಾತ್ರಿ. ವಿಮಾನದ ಟಿಕೆಟ್ ಆಗಿದೆ. ಹೋಟೆಲ್ ಇನ್ನೂ ಮಾಡಿಲ್ಲ, ಯಾಕಂದ್ರೆ ಊಟ ಎಲ್ಲಿ ಸಿಗುತ್ತೆ ಅಂತ ನೋಡ್ಕೊಂಡೇ ಹೋಟೆಲ್ ಮಾಡೋಣ ಅಂತ.

ಎರಡು ವರ್ಷದ ಹಿಂದೆ ಬೇರೆ ಒಂದು ದೇಶಕ್ಕೆ ಪ್ಯಾಕೇಜ್ ಟೂರ್ ಹೋಗಿದ್ವಿ. ಮೊದಲನೇ ರಾತ್ರಿ ತರಕಾರಿ ಫ್ರೈಡ್ ರೈಸ್ ಅಂತ ತಂದಿಟ್ರು. ಅರ್ಧ ತಟ್ಟೆ ಖಾಲಿ ಆದ ಮೇಲೆ ಮಗ ಚಮಚದಲ್ಲಿ ಒಂದು ಸಣ್ಣ ಗುಲಾಬಿ ಚೌಕ ಎತ್ತಿ ಹಿಡಿದು «ಇದು ಯಾವ ತರಕಾರಿ?» ಅಂದ. ಹ್ಯಾಮ್. ಗೈಡ್‌ನ ಕೇಳಿದ್ರೆ «ಬರೀ ರುಚಿಗೆ ಮೇಡಂ, ಸ್ವಲ್ಪ» ಅಂತ ನಕ್ಕ. ಅತ್ತೆ ಆಮೇಲೆ ಮೂರು ದಿನ ಬಾಳೆಹಣ್ಣು, ಬಿಸ್ಕತ್ತು, ಹಾಲಿಲ್ಲದ ಚಹಾದ ಮೇಲೇ ಇದ್ರು. ಈಗ ಅವರು ಮಾಂಸದ ಬಗ್ಗೆ ಕೇಳೋದೇ ಇಲ್ಲ. ಯಾವ ಊಟದ ಫೋಟೋ ತೋರಿಸಿದ್ರೂ ಒಂದೇ ಮಾತು: «ಎಣ್ಣೆ ಯಾವುದು?»

ಫೋನಿನಲ್ಲಿ ಹಲಾಲ್ ಅಂತ ಹುಡುಕಿದ್ರೆ ನೂರಾರು ಬರ್ತಾವೆ. ಅರ್ಧ ನಾರ್ತ್ ಇಂಡಿಯನ್ ಹೋಟೆಲ್‌ಗಳು. ದಾವಣಗೆರೆಯಿಂದ ಅಷ್ಟು ದೂರ ಹೋಗಿ ಬಟರ್ ಚಿಕನ್ ತಿನ್ನೋಕೆ ಮನಸ್ಸಿಲ್ಲ. ಮಗನಿಗೆ ಆ ಊರಿನವರು ತಿನ್ನೋದನ್ನೇ ತಿನ್ನಬೇಕು. ಅತ್ತೆಗೆ ಮಂಡಿ ನೋವು, ಐದು ಹೊತ್ತಿನ ನಮಾಜ್ ಬಿಡಲ್ಲ. ಎಲ್ಲಿ ಉಳಿಯೋದು, ಏನು ತಿನ್ನೋದು, ಏನು ನೋಡೋದು, ಹೋಗಿ ಬಂದವರು ಹೇಳ್ರಿ. ಜೊತೆಗೆ ಒಣ ರೊಟ್ಟಿ ಹತ್ತು ಪ್ಯಾಕೆಟ್ ಈಗಾಗಲೇ ಕಟ್ಟಿಟ್ಟಿದ್ದಾರೆ.

ವಿಮಾನಪ್ರಿಯ

ಇಷ್ಟೊಂದು ಯಾಕೆ ತಲೆ ಕೆಡಿಸ್ಕೊಳ್ತೀರಾ? ಎರಡೂ ಊರಲ್ಲಿ ಹೆಜ್ಜೆಗೊಂದು ಮೆಕ್‌ಡೊನಾಲ್ಡ್ಸ್ ಇದೆ. ಚಿಕನ್ ಬರ್ಗರ್ ತಗೊಂಡು ನಡೀತಾ ಇರಿ. ನಾನು ಅದರಲ್ಲೇ ವಾರ ಕಳೆದಿದ್ದೀನಿ.

ಉಳ್ಳಾಲದ ಕಾಕ

ವಅಲೈಕುಮುಸ್ಸಲಾಂ ಸಹೋದರಿ. ನಾನು ಬ್ಯಾಂಕಾಕಿನ ಪ್ರತೂನಾಮ್‌ನಲ್ಲಿ ಏಳು ವರ್ಷ ಇದ್ದವ. ರೆಡಿಮೇಡ್ ಬಟ್ಟೆಯ ಸಗಟು ಪೇಟೆ ಅದು, ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಸಿಂಗಾಪುರಕ್ಕೂ ಕಂಪನಿಯಿಂದ ಕಳಿಸುತ್ತಿದ್ದರು. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡಬೇಡಿ.

ಮೊದಲು ಮೇಲಿನವರ ಬರ್ಗರ್ ವಿಷಯ. ಸಿಂಗಾಪುರದ ಮೆಕ್‌ಡೊನಾಲ್ಡ್ಸ್‌ಗೆ ಅಲ್ಲಿನ ಇಸ್ಲಾಮಿಕ್ ಮಂಡಳಿ ಮುಯಿಸ್‌ನ ಹಲಾಲ್ ಪತ್ರ ಉಂಟು. ಬ್ಯಾಂಕಾಕ್‌ನಲ್ಲಿ ಅದೇ ಕೆಂಪು ಬೋರ್ಡು, ಅದೇ ಹಳದಿ ಅಕ್ಷರ, ಆದರೆ ಒಳಗೆ ಹಂದಿ ಬರ್ಗರ್ ಮಾರುತ್ತಾರೆ. ಬೋರ್ಡು ನೋಡಿ ಒಳಗೆ ಹೋಗುವುದಲ್ಲ ಮಾರಾಯ್ರೆ, ಊರು ನೋಡಿ ಹೋಗುವುದು.

ನಿಮ್ಮ ಅತ್ತೆ ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಬ್ಯಾಂಕಾಕಿನ ಬೀದಿಬದಿಯಲ್ಲಿ ಕೋಳಿ ತಿಂದರೆ ಕೋಳಿಯದ್ದು ಮಾತ್ರ ಅಲ್ಲ ಸಮಸ್ಯೆ. ನೂಡಲ್ಸ್ ಬಟ್ಟಲಿನ ಮೇಲೆ ಕೊನೆಗೆ ಒಂದು ಸಣ್ಣ ಚಮಚ ಹುರಿದ ಬೆಳ್ಳುಳ್ಳಿ ಎಣ್ಣೆ ಸಮೇತ ಹಾಕುತ್ತಾರಲ್ಲ, ಅದರಿಂದಲೇ ಆ ಘಮ. ತುಂಬಾ ಅಂಗಡಿಗಳಲ್ಲಿ ಆ ಬೆಳ್ಳುಳ್ಳಿ ಹುರಿಯುವುದು ಹಂದಿ ಕೊಬ್ಬಿನಲ್ಲಿ. ಥಾಯ್‌ನಲ್ಲಿ ಅದಕ್ಕೆ ನಾಮ್ ಮನ್ ಮೂ ಅನ್ನುತ್ತಾರೆ. ಮೂ ಅಂದರೆ ಹಂದಿ, ಗೈ ಕೋಳಿ, ಪ್ಲಾ ಮೀನು, ಕುಂಗ್ ಸಿಗಡಿ. ನೀವು «ಮೈ ಸೈ ಮೂ», ಹಂದಿ ಹಾಕಬೇಡಿ ಅಂದರೆ ಅಂಗಡಿಯಮ್ಮ ಪ್ರೀತಿಯಿಂದ ಹಂದಿ ತುಂಡು ಬಿಟ್ಟು ಕೊಡುತ್ತಾಳೆ. ಸೌಟು ಅದೇ, ಬಾಣಲೆ ಅದೇ, ಬೆಳ್ಳುಳ್ಳಿ ಅದೇ. ಅವಳು ಮೋಸ ಮಾಡಿದ್ದಲ್ಲ, ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟದ್ದು.

ಅದಕ್ಕೆ ನನ್ನ ಲೆಕ್ಕ ಬೇರೆ. ಹೋಟೆಲ್ ಹುಡುಕಬೇಡಿ, ಮಸೀದಿ ಹುಡುಕಿ. ಬ್ಯಾಂಕಾಕ್‌ನಲ್ಲಿ ಮಸೀದಿ ಇದ್ದಲ್ಲಿ ಒಂದು ಓಣಿ ಉಂಟು, ಓಣಿ ಇದ್ದಲ್ಲಿ ಅಡುಗೆ ಉಂಟು. ನೋಡುವ ಜಾಗವೂ ಅದೇ.

ಉಳಿಯಲಿಕ್ಕೆ ರಾಚ್ಚತೇವಿ ಎಂಬ ಸ್ಕೈಟ್ರೇನ್ ನಿಲ್ದಾಣದ ಹತ್ತಿರ ರೂಮು ಮಾಡಿ. ಪಕ್ಕದಲ್ಲೇ ಪೆಚ್ಚಬುರಿ ರಸ್ತೆಯ 7ನೇ ಸೋಯಿ. ಸೋಯಿ ಅಂದರೆ ಅಡ್ಡರಸ್ತೆ. ಒಳಗೆ ದಾರುಲ್ ಅಮಾನ್ ಮಸೀದಿ. ಓಣಿಯ ಎರಡೂ ಬದಿ ಮುಸ್ಲಿಮರ ಅಂಗಡಿ, ಗಾಡಿ. ಅಲ್ಲಿ ಮೊದಲ ದಿನ ಖಾವ್ ಮೊಕ್ ಗೈ ತಿನ್ನಿ. ಹೇಳಲಿಕ್ಕೆ ಬಿರಿಯಾನಿಯೇ, ಆದರೆ ನಮ್ಮ ಬಿರಿಯಾನಿಯ ಜಗಳಗಂಟ ಸ್ವಭಾವ ಅದಕ್ಕಿಲ್ಲ. ಅರಶಿನ ಬಣ್ಣದ ಅನ್ನ, ಒಳಗೆ ಕೋಳಿಯ ಒಂದು ಇಡೀ ಕಾಲು, ಮೇಲೆ ಕರಿದ ಈರುಳ್ಳಿ, ಪಕ್ಕದಲ್ಲಿ ಸೌತೆಕಾಯಿ. ಮತ್ತೆ ಒಂದು ಚಿಕ್ಕ ಬಟ್ಟಲಲ್ಲಿ ಹಸಿರು ಚಟ್ನಿ: ಹುಳಿ, ಸಿಹಿ, ಖಾರ ಮೂರೂ ಒಟ್ಟಿಗೆ ನಾಲಿಗೆಗೆ ಬಂದು ನಿಲ್ಲುತ್ತದೆ. ಆ ಚಟ್ನಿ ಇಲ್ಲದಿದ್ದರೆ ಖಾವ್ ಮೊಕ್ ಅರ್ಧ. ದನದ ಬಾಲದ ಸೂಪು ಕೂಡ ಆ ಓಣಿಯಲ್ಲಿ ಸಿಗುತ್ತದೆ, ನಿಂಬೆಹುಳಿ ಮತ್ತು ಜೀರಿಗೆಮೆಣಸು ಹಾಕಿದ್ದು. ಮಗನಿಗೆ ಖಾರ ಆಗಬಹುದು, ನಿಮ್ಮ ಮನೆಯವರಿಗೆ ಕೊಡಿಸಿ.

ಒಂದು ಮಾತು ನೆನಪಿಡಿ. ಅಲ್ಲಿ ಹೋಗಿ ಹಲಾಲ್ ಹಲಾಲ್ ಅಂದರೆ ಕೆಲವರಿಗೆ ತಿಳಿಯುವುದಿಲ್ಲ. ಥಾಯ್ ನಾಲಿಗೆಯಲ್ಲಿ ಪದದ ಕೊನೆಯ ಲ್ ನ್ ಆಗುತ್ತದೆ. «ಹಲಾನ್» ಅನ್ನಿ, ಕೂಡಲೇ ಮುಖ ಅರಳುತ್ತದೆ. ನಾನು ಮೊದಲ ತಿಂಗಳು ಪೂರ್ತಿ ಲ್ ಹಿಡಿದುಕೊಂಡು ಒದ್ದಾಡಿದವ.

ಪ್ಯಾಕೆಟ್ ಸಾಮಾನಿಗೆ ಸೆವೆನ್ ಇಲೆವೆನ್ ಅಂಗಡಿ ಸಾಕು, ಪ್ರತಿ ಮೂಲೆಗೂ ಉಂಟು. ಬ್ರೆಡ್ಡು, ಹಾಲು, ಕಪ್ ನೂಡಲ್ಸ್, ಮಗನ ಚಿಪ್ಸು, ಎಲ್ಲವನ್ನೂ ತಿರುಗಿಸಿ ಹಿಂದೆ ನೋಡಿ. ವಜ್ರದ ಆಕಾರದ ಚೌಕಟ್ಟಿನೊಳಗೆ ಅರಬ್ಬಿ ಅಕ್ಷರ ಇದ್ದರೆ ಅದು ಅಲ್ಲಿನ ಕೇಂದ್ರ ಇಸ್ಲಾಮಿಕ್ ಮಂಡಳಿಯ ಮುದ್ರೆ. ಒಂದೇ ಕಂಪನಿಯ ಒಂದು ರುಚಿಗೆ ಮುದ್ರೆ ಇದ್ದು ಪಕ್ಕದ ರುಚಿಗೆ ಇಲ್ಲದಿರಬಹುದು, ಪ್ರತಿ ಪ್ಯಾಕೆಟ್ ನೋಡಲೇಬೇಕು. ಕೌಂಟರಿನಲ್ಲಿ ಬಿಸಿ ಮಾಡಿ ಕೊಡುವ ಸ್ಯಾಂಡ್‌ವಿಚ್‌ಗಳ ಹತ್ತಿರ ಮಗನನ್ನು ಬಿಡಬೇಡಿ. ಮತ್ತೆ ಅದೇ ಗುಲಾಬಿ ಚೌಕ.

ಈಗ ನೋಡುವ ಜಾಗ. ಅರಮನೆ, ಮಲಗಿದ ಬುದ್ಧನ ವಾಟ್ ಫೋ, ನದಿಯಾಚೆಯ ವಾಟ್ ಅರುಣ್, ಇದನ್ನೆಲ್ಲ ಯಾರು ಬೇಕಾದರೂ ಹೇಳುತ್ತಾರೆ. ನೋಡಿ, ಬುದ್ಧ 46 ಮೀಟರ್ ಉದ್ದ, ಮಗ ಬಾಯಿ ತೆರೆದು ನಿಲ್ಲುತ್ತಾನೆ. ಅರಮನೆಯಲ್ಲಿ ಭುಜ, ಕಾಲು ಮುಚ್ಚಿರಬೇಕು ಅಂತ ನಿಯಮ. ಚಡ್ಡಿ ಹಾಕಿ ಬಂದ ವಿದೇಶಿಯರು ಬಾಗಿಲಲ್ಲಿ ಒದ್ದಾಡುವಾಗ ನಿಮ್ಮ ಅತ್ತೆ ಬುರ್ಖಾದಲ್ಲಿ ನೇರ ಒಳಗೆ. ಅಲ್ಲಿಂದ ಸ್ವಲ್ಪ ಮೇಲೆ ಫ್ರಾ ಆರ್ಥಿಟ್ ರಸ್ತೆ, ಬಿಳಿ ಕೋಟೆಯ ಎದುರು ರೋಟಿ ಮತಾಬಾ ಅಂತ ಪುಟ್ಟ ಅಂಗಡಿ, 1943ರಿಂದ ಉಂಟು. ಮತಾಬಾ ಅಂದರೆ ಪರೋಟಾದ ಹಾಳೆಯೊಳಗೆ ಮಾಂಸ, ಈರುಳ್ಳಿ ತುಂಬಿ ಮಡಚಿ ಕಾವಲಿಯಲ್ಲಿ ಸುಡುವುದು. ಹಿಟ್ಟು ಬೀಸುವ ಕೈ ನೋಡಿದರೆ ನಮ್ಮ ಬಂದರಿನ ಹೋಟೆಲ್ ನೆನಪಾಗುತ್ತದೆ.

ಆದರೆ ನನ್ನ ಕೇಳಿದರೆ ಅರ್ಧ ದಿನ ಬಾನ್ ಕ್ರುವಾಗೆ ಇಡಿ. 7ನೇ ಸೋಯಿಯ ಹಿಂದೆ ಸೇನ್ ಸೇಪ್ ಕಾಲುವೆ ಬದಿಯ ಕೇರಿ ಅದು. ಕಾಂಬೋಡಿಯಾದ ಕಡೆಯಿಂದ ಬಂದ ಚಾಮ್ ಮುಸ್ಲಿಮರು. ಒಂದನೇ ರಾಮ ಎಂಬ ರಾಜನ ಪರವಾಗಿ ಯುದ್ಧ ಮಾಡಿದ್ದಕ್ಕೆ ಸಿಕ್ಕ ಜಾಗ. ರೇಷ್ಮೆ ನೇಯುವವರು. ಎರಡನೇ ಮಹಾಯುದ್ಧದ ನಂತರ ಜಿಮ್ ಥಾಂಪ್ಸನ್ ಎಂಬ ಅಮೆರಿಕನ್ ಇವರ ಮಗ್ಗದ ಬಟ್ಟೆಯನ್ನೇ ಹೊರದೇಶಕ್ಕೆ ಮಾರಿ ಥಾಯ್ ರೇಷ್ಮೆಗೆ ಹೆಸರು ತಂದ. ಅವನ ಮನೆ ಕಾಲುವೆಯ ಆಚೆ ದಡದಲ್ಲಿ, ಈಗ ಮ್ಯೂಸಿಯಂ. ಎಲ್ಲರೂ ಟಿಕೆಟ್ ತೆಗೆದು ಆ ಮನೆ ನೋಡಿ ಹಿಂದೆ ಹೋಗುತ್ತಾರೆ. ಅವನು 1967ರಲ್ಲಿ ಮಲೇಷ್ಯಾದ ಬೆಟ್ಟದಲ್ಲಿ ನಡೆಯಲು ಹೋದವ ಮತ್ತೆ ಸಿಗಲೇ ಇಲ್ಲ, ಆ ಕಥೆ ಎಲ್ಲರಿಗೂ ಇಷ್ಟ. ನೇಯ್ದವರು ಎಲ್ಲಿಯೂ ಹೋಗಿಲ್ಲ, ಕಾಲುವೆಯ ಈಚೆಗೇ ಇದ್ದಾರೆ. ಕೇರಿಯ ಮೇಲೆ ಎಕ್ಸ್‌ಪ್ರೆಸ್‌ವೇ ಹಾಯಿಸುವ ಯೋಜನೆ ಬಂದಾಗ ಹಟ ಹಿಡಿದು ತಡೆದವರು. ಈಗ ಮಗ್ಗ ಉಳಿದಿರುವುದು ಒಂದೆರಡು ಮನೆಯಲ್ಲಿ ಮಾತ್ರ. ಟಕ್ ಟಕ್ ಶಬ್ದ ಹಿಡಿದು ಹೋದರೆ ಸಿಗುತ್ತದೆ.

ಅಲ್ಲಿಗೆ ಕಾಲುವೆ ದೋಣಿಯಲ್ಲಿ ಹೋಗುವ ಆಸೆ ಆದೀತು. ಬೇಡ. ದೋಣಿ ನಿಲ್ಲುವುದು ನಾಲ್ಕು ಸೆಕೆಂಡು, ಹಗ್ಗ ಹಿಡಿದು ಅಂಚು ದಾಟಿ ಹಾರಬೇಕು. ಮಂಡಿ ನೋವಿನವರಿಗೆ ಆಗುವ ಕೆಲಸವಲ್ಲ. ನ್ಯಾಷನಲ್ ಸ್ಟೇಡಿಯಂ ನಿಲ್ದಾಣದಲ್ಲಿ ಇಳಿದು ನಡೆದು, ಕಾಲುಸೇತುವೆ ದಾಟಿ.

ಶುಕ್ರವಾರ ಅಲ್ಲಿದ್ದರೆ ಜುಮ್ಮಾಕ್ಕೆ ಹಾರೂನ್ ಮಸೀದಿ. ಚರೋನ್ ಕ್ರುಂಗ್ ರಸ್ತೆಯ ಒಳಗೆ, ಹಳೆಯ ಕಸ್ಟಮ್ಸ್ ಕಟ್ಟಡದ ಹಿಂದೆ. ಆ ದಿನ ಓಣಿಯಲ್ಲಿ ಅಡುಗೆಯ ಸಂತೆ. ಹಳದಿ ನೂಲಿನ ಸಿಹಿ ಕಂಡರೆ ಬಿಡಬೇಡಿ, ಫೋಯ್ ಥೋಂಗ್ ಅಂತ. ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕಕ್ಕೆ ದಾರದ ಹಾಗೆ ಬಿಟ್ಟು ಮಾಡುವುದು. ನಾನು ಮೊದಲ ಸಲ ತಿಂದಾಗ ಅಲ್ಲೇ ನಿಂತುಬಿಟ್ಟೆ. ಕಾಸರಗೋಡು ಕಡೆಯ ಮದುವೆಯಲ್ಲಿ ಹೊಸ ಅಳಿಯನ ಮುಂದೆ ಇಡುವ ಮುಟ್ಟಮಾಲ ಇದೇ. ಪೋರ್ಚುಗೀಸರು ಎರಡೂ ದಡಕ್ಕೆ ಇಳಿಸಿ ಹೋದ ಸಿಹಿ.

ಸಿಂಗಾಪುರದ ಬಗ್ಗೆ ನನ್ನದು ಒಂದೇ ಎಚ್ಚರಿಕೆ, ನನ್ನದೇ ತಪ್ಪಿನಿಂದ ಕಲಿತದ್ದು. «ನೋ ಪೋರ್ಕ್, ನೋ ಲಾರ್ಡ್» ಅಂತ ಬೋರ್ಡು ಹಾಕಿದ ಒಂದು ಅಂಗಡಿಯಲ್ಲಿ ಎರಡು ವಾರ ದಿನಾ ಮಧ್ಯಾಹ್ನ ಶುಂಠಿ ಕೋಳಿ ತಿಂದೆ. ಹಂದಿ ಇಲ್ಲ, ಹಂದಿ ಕೊಬ್ಬಿಲ್ಲ, ಇನ್ನೇನು ಬೇಕು ಅಂತ. ಒಂದು ದಿನ ಬೇಗ ಹೋದೆ, ಒಲೆಯ ಹತ್ತಿರದ ಮೇಜೇ ಸಿಕ್ಕಿತು. ಅಡುಗೆಯವ ಬಾಣಲೆಗೆ ಕಂದು ಬಾಟಲಿಯಿಂದ ಸುರಿದ, ಬೆಂಕಿ ಭಗ್ಗೆಂದಿತು. ಅಕ್ಕಿಯ ಹೆಂಡ. ಅಂಗಡಿಯವ ಸುಳ್ಳು ಬರೆದಿರಲಿಲ್ಲ, ಬೋರ್ಡಿನಲ್ಲಿ ಹೆಂಡದ ಮಾತೇ ಇರಲಿಲ್ಲ. ಕೋಳಿ ಯಾರು ಕೊಯ್ದದ್ದು ಅಂತಲೂ ಇರಲಿಲ್ಲ. ಆ ಬೋರ್ಡನ್ನು ಹಲಾಲ್ ಅಂತ ಓದಿಕೊಂಡವ ನಾನು.

ವಿಮಾನದಲ್ಲಿ ಊಟ ಇದ್ದರೆ ಮುಸ್ಲಿಂ ಊಟ, ಎಂ.ಒ.ಎಂ.ಎಲ್. ಅಂತ 24 ಗಂಟೆ ಮೊದಲು ಹೇಳಿಡಿ. ಒಣ ರೊಟ್ಟಿ ಹತ್ತು ಪ್ಯಾಕೆಟ್ ಜಾಸ್ತಿ ಆಯಿತು, ಆದರೆ ಅತ್ತೆಯ ಬ್ಯಾಗಿಗೆ ಕೈ ಹಾಕಲಿಕ್ಕೆ ನಾನು ಯಾರು.

ಟ್ಯಾಂಪನೀಸ್ ಕನ್ನಡತಿ

ಕಾಕಾ ಬರೆದದ್ದಕ್ಕೆ ಸಿಂಗಾಪುರದ ಕಡೆಯಿಂದ ಸ್ವಲ್ಪ ಸೇರಿಸ್ತೀನಿ. ಹದಿನಾಲ್ಕು ವರ್ಷದಿಂದ ಇಲ್ಲಿದ್ದೀನಿ, ನಾವು ಮುಸ್ಲಿಮರಲ್ಲ, ಆದರೆ ಆಫೀಸಿನಲ್ಲಿ ಮಲಯ್ ಗೆಳತಿಯರ ಜೊತೆ ಮಧ್ಯಾಹ್ನದ ಊಟ, ಹಾಗಾಗಿ ಹಲಾಲ್ ಎಲ್ಲೆಲ್ಲಿ ಅಂತ ಬಾಯಿಪಾಠ.

ಬುಗಿಸ್ ಹತ್ತಿರ ಉಳ್ಕೊಳ್ಳಿ. ಹಳೆಯ ಮಲಯ್ ಮುಸ್ಲಿಮರ ಕೇರಿ ಕಾಂಪೋಂಗ್ ಗ್ಲಾಮ್ ಅಲ್ಲಿಂದ ನಡಿಗೆ, ಸುಲ್ತಾನ್ ಮಸೀದಿ ಅಲ್ಲೇ. ಈಗಿನ ಕಟ್ಟಡ ಮುಗಿದದ್ದು 1932ರಲ್ಲಿ. ಚಿನ್ನದ ಬಣ್ಣದ ಗುಮ್ಮಟದ ಫೋಟೋ ಎಲ್ಲರೂ ತೆಗೀತಾರೆ, ನೀವು ಗುಮ್ಮಟದ ಬುಡದ ಕಪ್ಪು ಪಟ್ಟಿ ನೋಡಿ. ಅದು ಗಾಜಿನ ಬಾಟಲಿಗಳ ತಳ. ದುಡ್ಡು ಕೊಡೋಕಾಗದ ಬಡವರೂ ಮಸೀದಿಗೆ ಏನಾದರೂ ಕೊಟ್ಟಂತಾಗಲಿ ಅಂತ ಬಾಟಲಿ ತಗೊಂಡು ಜೋಡಿಸಿದ್ದು. ಮಗನಿಗೆ ಕೆಳಗೆ ನಿಲ್ಲಿಸಿ ಹುಡುಕೋಕೆ ಹೇಳಿ. ಎದುರಿಗೆ ನಾರ್ತ್ ಬ್ರಿಡ್ಜ್ ರಸ್ತೆಯಲ್ಲಿ 1908ರ ಝಮ್ ಝಮ್ ಹೋಟೆಲ್, ಮುರ್ತಬಕ್‌ಗೆ ಹೆಸರುವಾಸಿ, ಕಾಕಾ ಹೇಳಿದ ಮತಾಬಾದ ಹಾಗೇ ಅದು. ಒಂದು ತಗೊಂಡ್ರೆ ಇಬ್ಬರಿಗೆ ಆಗುತ್ತೆ.

ಹಾಕರ್ ಸೆಂಟರ್ ಅಂದ್ರೆ ಸಣ್ಣ ಸಣ್ಣ ಊಟದ ಅಂಗಡಿಗಳ ಕಟ್ಟಡ. ಅಲ್ಲಿ ಹಲಾಲ್ ಅಂಗಡಿ, ಹಂದಿ ಅಂಗಡಿ ಒಂದೇ ಸೂರಿನ ಕೆಳಗೆ ಇರ್ತವೆ, ಗಾಬರಿ ಆಗಬೇಡಿ. ತಟ್ಟೆ ವಾಪಸ್ ಇಡುವ ಸ್ಟ್ಯಾಂಡ್ ಬೇರೆ ಬೇರೆ, ಹಲಾಲ್ ಅಂತ ಬರೆದಿರುತ್ತೆ. ಅಂಗಡಿಯಲ್ಲಿ ಮುಯಿಸ್ ಪತ್ರ ತೂಗಿದ್ದರೆ ಮೇಲಿನ ತಾರೀಖು ನೋಡಿ. ಕೆಲವರು «ಮುಸ್ಲಿಂ ಮಾಲೀಕರು» ಅಂತ ಮಾತ್ರ ಬರೆದಿರ್ತಾರೆ, ಪತ್ರ ಇರಲ್ಲ. ನನ್ನ ಗೆಳತಿಯರಲ್ಲಿ ಇಬ್ಬರು ಅಲ್ಲಿ ತಿಂತಾರೆ, ಒಬ್ಬಳು ತಿನ್ನಲ್ಲ. ಅದು ನಿಮ್ಮ ಅತ್ತೆಗೆ ಬಿಟ್ಟದ್ದು. ಮುಸ್ಲಿಂ ಎಸ್‌ಜಿ ಅಂತ ಮುಯಿಸ್‌ದೇ ಆ್ಯಪ್ ಇದೆ, ಬೇರೆ ಯಾವುದೂ ಬೇಕಿಲ್ಲ.

ಚೈನಾಟೌನ್‌ನ ಸೌತ್ ಬ್ರಿಡ್ಜ್ ರಸ್ತೆಗೂ ಹೋಗಿ. ತಮಿಳು ಕರಾವಳಿಯಿಂದ ಬಂದ ಚೂಲಿಯಾ ಮುಸ್ಲಿಮರ ಜಮಾಯೆ ಮಸೀದಿ, ಹಸಿರು ಮಿನಾರುಗಳದ್ದು. ಪಕ್ಕದಲ್ಲೇ ಮಾರಿಯಮ್ಮನ ಗುಡಿ. ನಮ್ಮ ಅಮ್ಮ ಬಂದಾಗ ಒಂದೇ ಬಸ್ ಇಳಿದು ಎರಡೂ ಕಡೆ ಹೋಗಿಬಂದ್ವಿ.

ಇನ್ನೊಂದು, ಇಲ್ಲಿ ಅಜಾನ್ ಹೊರಗೆ ಕೇಳಿಸಲ್ಲ. ಧ್ವನಿವರ್ಧಕ ಮಸೀದಿಯ ಒಳಗಡೆಗೇ ತಿರುಗಿಸಿದ್ದಾರೆ, ರೇಡಿಯೋದಲ್ಲಿ ಬರುತ್ತೆ. ಅತ್ತೆಗೆ ಫೋನಿನಲ್ಲಿ ಹಾಕಿಕೊಡಿ. ಮೆಟ್ರೋ ರೈಲಿನಲ್ಲಿ ಬಿಸ್ಕತ್ತೂ ತಿನ್ನಂಗಿಲ್ಲ, ನೀರೂ ಕುಡಿಯಂಗಿಲ್ಲ, 500 ಡಾಲರ್‌ವರೆಗೂ ದಂಡ.

ಪುಳಿಯೋಗರೆ ಪ್ರವಾಸಿ

ನಾವು ಶುದ್ಧ ಸಸ್ಯಾಹಾರಿಗಳು, ಆದರೆ ನಮ್ಮಮ್ಮನ ಪ್ರಶ್ನೆಯೂ ಅಕ್ಷರಶಃ ಇದೇ, «ಎಣ್ಣೆ ಯಾವುದೋ?» ಬ್ಯಾಂಕಾಕ್‌ನಲ್ಲಿ ತರಕಾರಿ ಅಂತ ಕೊಟ್ಟದ್ದರಲ್ಲೂ ಮೀನಿನ ಸಾಸು ಇರುತ್ತದೆ. ನಮ್ಮನ್ನು ಕಾಪಾಡಿದ್ದು ಹಳದಿ ಬಾವುಟ. ಕೆಂಪು ಅಕ್ಷರದಲ್ಲಿ «ಜೇ» ಅಂತ ಥಾಯ್‌ನಲ್ಲಿ ಬರೆದಿರುತ್ತದೆ, 17 ಅಂತ ಬರೆದ ಹಾಗೆ ಕಾಣುತ್ತದೆ ಅಂತ ನಮ್ಮ ಹುಡುಗಿ ಕಂಡುಹಿಡಿದಳು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಮಸೀದಿ ಓಣಿ ದೂರ ಆದ ದಿನ ನಿಮಗೂ ಉಪಯೋಗಕ್ಕೆ ಬರಬಹುದು. ರುಚಿ ಮಾತ್ರ ಮಠದ ಊಟದ ಹಾಗೆ ಸೌಮ್ಯ.

ದಾವಣಗೆರೆ ಸೊಸೆ

ಹೋಗಿ ಬಂದ್ವಿ. ಎಲ್ಲರಿಗೂ, ಮುಖ್ಯವಾಗಿ ಕಾಕಾಗೆ, ಒಂದು ದೊಡ್ಡ ಶುಕ್ರಿಯಾ.

ರಾಚ್ಚತೇವಿಯಲ್ಲೇ ರೂಮು ಮಾಡಿದ್ವಿ. ನಾಲ್ಕು ರಾತ್ರಿಯಲ್ಲಿ ಮೂರು ರಾತ್ರಿ 7ನೇ ಸೋಯಿಯಲ್ಲೇ ಊಟ. ಮೊದಲನೇ ದಿನ ಅತ್ತೆ ಅಂಗಡಿಯೊಳಗೆ ನೇರ ಅಡುಗೆ ಕಡೆ ಹೋದ್ರು. ಭಾಷೆ ಬರಲ್ಲ, ಎಣ್ಣೆ ಡಬ್ಬಿ ಕಡೆ ಬೆರಳು ತೋರಿಸಿದ್ರು. ತಲೆಗೆ ಸ್ಕಾರ್ಫ್ ಕಟ್ಟಿದ್ದ ಅಂಗಡಿಯಮ್ಮ ನಕ್ಕೊಂಡು ಡಬ್ಬಿನೇ ಎತ್ತಿ ಕೈಗೆ ಕೊಟ್ಟಳು. ತಾಳೆಎಣ್ಣೆ, ಹಿಂದೆ ಆ ವಜ್ರದ ಮುದ್ರೆ. ಅತ್ತೆ ಕನ್ನಡಕ ತೆಗೆದು, ಒರೆಸಿ, ಹಾಕ್ಕೊಂಡು ನೋಡಿ, ಆಮೇಲೆ ಕೂತ್ರು. ಮಾರನೇ ದಿನ ಕೇಳಲಿಲ್ಲ.

ಬಾನ್ ಕ್ರುವಾದಲ್ಲಿ ಮಗ್ಗದ ಮನೆ ಸಿಕ್ತು. ನಮ್ಮತ್ತೆಯ ತವರು ಇಳಕಲ್ ಹತ್ತಿರ, ಮಗ್ಗದ ಸದ್ದಲ್ಲೇ ಬೆಳೆದವರು. ಅಲ್ಲಿ ಬಣ್ಣದ ನೂಲಿನ ಲಡಿಗಳನ್ನ ಮುಟ್ಟಿ ನೋಡ್ತಾ ಅರ್ಧ ಗಂಟೆ ನಿಂತ್ರು, ಮಂಡಿ ನೋವು ಅಂತ ಒಂದು ಸಲನೂ ಅನ್ನಲಿಲ್ಲ. ಜಿಮ್ ಥಾಂಪ್ಸನ್ ಮನೆಗೆ ಹೋಗೋಕೆ ಟೈಮೇ ಉಳಿಯಲಿಲ್ಲ. ಮೆಟ್ರೋದಲ್ಲಿ ಬಿಸ್ಕತ್ತು ಹೊರಗೆ ತೆಗೆದದ್ದು ನಮ್ಮ ಮನೆಯವರು, ಮಗ ಕೂಗಿ ನಿಲ್ಲಿಸಿದ.

ಒಂದು ವಿಷಯ ಯಾರೂ ಹೇಳಿರಲಿಲ್ಲ. ಸಿಂಗಾಪುರದ ಮಸೀದಿಯಲ್ಲಿ ಹೆಂಗಸರಿಗೆ ಬೇರೆ ಜಾಗ, ಅಲ್ಲಿ ಮೊಳೆಗೆ ಬಿಳಿ ನಮಾಜ್ ಬಟ್ಟೆ ತೂಗು ಹಾಕಿರ್ತಾರೆ, ಯಾರು ಬೇಕಾದ್ರೂ ಹಾಕ್ಕೊಂಡು ನಮಾಜ್ ಮಾಡಬಹುದು. ನಮ್ಮ ಮೊಹಲ್ಲಾದಲ್ಲಿ ಹೆಂಗಸರು ಮಸೀದಿಗೆ ಹೋಗೋ ವಾಡಿಕೆ ಇಲ್ಲ. ಅತ್ತೆ ಬಾಗಿಲಲ್ಲೇ ನಿಂತಿದ್ರು, ಪಕ್ಕದಲ್ಲಿದ್ದ ಒಬ್ಬ ಮಲಯ್ ಅಜ್ಜಿ ಒಂದು ಬಟ್ಟೆ ತಂದು ತಲೆ ಮೇಲಿಂದ ಇಳಿಬಿಟ್ಟು, ಗಲ್ಲದ ಹತ್ತಿರ ಸರಿ ಮಾಡಿ, ಕೈ ಹಿಡಿದು ಸಾಲಲ್ಲಿ ನಿಲ್ಲಿಸಿದ್ರು. ಮಗ್ರಿಬ್ ಜಮಾಅತ್, ಸೂರ್ಯ ಮುಳುಗಿದ ಮೇಲೆ ಎಲ್ಲರೂ ಸೇರಿ ಮಾಡೋ ನಮಾಜ್. ಹೊರಗೆ ಬಂದ ಮೇಲೆ ರೂಮು ಮುಟ್ಟೋವರೆಗೂ ಅತ್ತೆ ಮಾತಾಡಲಿಲ್ಲ.

ಒಣ ರೊಟ್ಟಿ ಎಂಟು ಪ್ಯಾಕೆಟ್ ವಾಪಸ್ ಬಂದಿದೆ. ಕಾಕಾ, ಈಗ ಬೇರೆ ಪ್ರಶ್ನೆ. ಖಾವ್ ಮೊಕ್ ಜೊತೆಗಿನ ಹಸಿರು ಚಟ್ನಿ ಮನೆಯಲ್ಲಿ ಮಾಡಬೇಕಂತೆ, ಅತ್ತೆ ಹಟ ಹಿಡಿದಿದ್ದಾರೆ. ಅದಕ್ಕೆ ಏನೇನು ಹಾಕ್ತಾರೆ?

ಉಳ್ಳಾಲದ ಕಾಕ

ಪುದೀನ ಒಂದು ಹಿಡಿ, ಕೊತ್ತಂಬರಿ ಅರ್ಧ ಹಿಡಿ, ಹಸಿಮೆಣಸು ನಾಲ್ಕು, ಬೆಳ್ಳುಳ್ಳಿ ಮೂರು ಎಸಳು, ಸಣ್ಣ ತುಂಡು ಶುಂಠಿ. ವಿನೆಗರ್, ಸಕ್ಕರೆ, ಉಪ್ಪು ಸೇರಿಸಿ ರುಬ್ಬಿ. ನೀರು ನೀರಾಗಿಯೇ ಇರಬೇಕು, ನಮ್ಮ ಚಟ್ನಿಯ ಹಾಗೆ ಗಟ್ಟಿ ಮಾಡಬೇಡಿ. ಸಕ್ಕರೆ ಕೈ ಬಿಗಿ ಹಿಡಿದರೆ ಆ ರುಚಿ ಬರುವುದಿಲ್ಲ.

ಅತ್ತೆಯವರಿಗೆ ಹೇಳಿ, ಇದಕ್ಕೆ ಎಣ್ಣೆಯೇ ಬೇಡ.